ತೆಪ್ಪಕ್ಕೆ ಅಡ್ಡ ನಿಂತವರು

2019ರಲ್ಲಿ ಬನದ ಹುಣ್ಣಿಮೆ ಜನವರಿ 21ಕ್ಕೆ ಬಂದಿತ್ತು. ಕಾರವಾರದ ಎದುರಿಗಿರುವ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆ ಅಂದೇ. ದೋಣಿ ಹತ್ತಿದರಷ್ಟೇ ಆ ದೇವರ ದರ್ಶನ. ದರ್ಶನ ಮುಗಿಸಿ ಮರಳುತ್ತಿದ್ದ ಒಂದು ದೋಣಿ ದಂಡೆ ಸೇರುವ ಮೊದಲೇ ಅಲೆಯ ಹೊಡೆತಕ್ಕೆ ಮಗುಚಿತು. 16 ಜನ ಸತ್ತರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು, ಹೆಚ್ಚಿನವರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಸತ್ತವರಲ್ಲಿ ಹಲವರು ಕಡಲು ಬಲ್ಲವರೇ ಅಲ್ಲ. ಘಟ್ಟದ ಈಚೆಯ ನಮ್ಮ ಶಿಗ್ಗಾವಿ ತಾಲ್ಲೂಕಿನ ಹೊಸೂರಿನವರು, ಒಂದೇ ಮನೆತನದವರು. ಅವರಲ್ಲಿ ಮಕ್ಕಳೂ ಇದ್ದರು.

ಆ ವಾರ ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ, ಸವಣೂರಿನ ಚಹಾದಂಗಡಿಗಳಲ್ಲಿ ಬೇರೆ ಮಾತಿರಲಿಲ್ಲ. ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ‘ಅವರ ಆಯುಷ್ಯ ಅಷ್ಟ ಇತ್ತರೀ. ದೇವರ ಸನ್ನಿಧಿಗೆ ಹೋಗಿ ಬರೂ ಮುಂದ ಹ್ವಾದರು, ಪುಣ್ಯವಂತರು.’

ನಾನು ಪೊಲೀಸ್ ಪೇದೆಯಾಗಿ ಸೇರಿ ಎ.ಎಸ್.ಐ. ಆಗಿ ನಿವೃತ್ತನಾದವನು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಊರಿನ ನೀರು ಕುಡಿದಿದ್ದೇನೆ, ನಾಲ್ಕೂ ತಾಲ್ಲೂಕಿನ ಕೆರೆ ದಂಡೆಗಳಲ್ಲಿ ಬಂದೋಬಸ್ತಿಗೆ ನಿಂತಿದ್ದೇನೆ. ಕೊರಳಲ್ಲಿ ಇಷ್ಟಲಿಂಗ ಇದೆ. ಬೆಳಿಗ್ಗೆ ಪೂಜೆಯಾಗದೆ ಬಾಯಿಗೆ ನೀರು ಹಾಕುವವನಲ್ಲ. ಆದ್ದರಿಂದ ‘ಆಯುಷ್ಯ ಅಷ್ಟ ಇತ್ತು’ ಎನ್ನುವ ಮಾತನ್ನು ನಾನು ತಿರಸ್ಕಾರದಿಂದ ನೋಡುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತವರು ಬೇರೇನು ಹೇಳಲಾದೀತು? ಆ ಹೊತ್ತಿಗೆ ಆ ಮಾತು ಒಂದು ಕೈಯಾಸರೆ. ಆದರೆ ಅದೇ ಮಾತನ್ನು ದೋಣಿ ತುಂಬಿಸಿದವನು ಹೇಳಿದರೆ? ದಂಡೆಯಲ್ಲಿ ನಿಂತು ಎಣಿಸಬೇಕಾಗಿದ್ದ ಅಧಿಕಾರಿ ಹೇಳಿದರೆ? ದುಃಖಿತರಿಗೆ ಸಮಾಧಾನವಾದ ಮಾತು ಹೊಣೆಗಾರನ ಬಾಯಲ್ಲಿ ಜಾಮೀನಾಗುತ್ತದೆ. ದೇವರ ಕೆಲಸಕ್ಕೆ ಹೋದವರು ನೀರಲ್ಲಿ ಸತ್ತರೆ ಅದು ದೇವರ ಇಚ್ಛೆಯೋ ಮನುಷ್ಯನ ತಪ್ಪೋ ಎಂಬ ಪ್ರಶ್ನೆ ಆ ವಾರದಿಂದ ನನ್ನನ್ನು ಬಿಟ್ಟಿಲ್ಲ.

ಇದು ಹೊಸ ಪ್ರಶ್ನೆಯಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಅಂಬಿಗರ ಬಗ್ಗೆ ನಿಯಮಗಳಿವೆ. ಮನುವಿನ ಬೇರೆ ಎಷ್ಟೋ ಮಾತುಗಳು ನನ್ನಂಥವನಿಗೆ ಒಪ್ಪಿಗೆಯಾಗುವುದು ಸಾಧ್ಯವೇ ಇಲ್ಲ. ಆದರೆ ಈ ಒಂದು ಕಡೆ ಅವನು ಗೆರೆ ಎಳೆದ ರೀತಿ ಗಮನಿಸಬೇಕಾದದ್ದು. ಅಂಬಿಗರ ಅಪರಾಧದಿಂದ ದೋಣಿಯಲ್ಲಿದ್ದ ವಸ್ತು ಹಾಳಾದರೆ ಅದನ್ನು ಅಂಬಿಗರೇ ಕೂಡಿ ತುಂಬಿಕೊಡಬೇಕು, ದೈವಿಕವಾಗಿ ಆದದ್ದಕ್ಕೆ ದಂಡವಿಲ್ಲ. ಅಷ್ಟು ಹಿಂದೆಯೇ, ದೈವದ ಮೇಲೆ ಅಪಾರ ನಂಬಿಕೆ ಇದ್ದ ಕಾಲದಲ್ಲೇ, ನೀರಿನ ಮೇಲೆ ನಡೆದದ್ದೆಲ್ಲ ದೈವಿಕ ಎಂದು ಯಾರೂ ಒಪ್ಪಿರಲಿಲ್ಲ. ಮೊದಲು ಅಪರಾಧ ಇದೆಯೇ ಎಂದು ಕೇಳಬೇಕು. ಇಲ್ಲವೆಂದಾದ ಮೇಲೆ ದೈವದ ಮಾತು.

ಕೌಟಿಲ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು. ಅವನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. 1905ರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ನಾವಧ್ಯಕ್ಷ, ಅಂದರೆ ದೋಣಿಗಳ ಮೇಲಿನ ಅಧಿಕಾರಿಯ ಬಗ್ಗೆ ಒಂದು ಅಧ್ಯಾಯವೇ ಇದೆ. ಹೊತ್ತಲ್ಲದ ಹೊತ್ತಿನಲ್ಲಿ, ಕಡವಲ್ಲದ ಕಡೆ ದಾಟಿದರೆ ದಂಡ. ಸಾಕಷ್ಟು ಆಳುಗಳಿಲ್ಲದೆ, ಸಲಕರಣೆ ಇಲ್ಲದೆ, ದುರಸ್ತಿ ಕಾಣದೆ ದೋಣಿ ಹಾಳಾದರೆ ನಷ್ಟ ತುಂಬಬೇಕಾದವನು ನಾವಧ್ಯಕ್ಷ. ಇದನ್ನು ಓದಿದ ದಿನ, ಮೂರು ದಶಕ ಖಾಕಿ ತೊಟ್ಟ ನನ್ನ ಮೈ ಬೆವರಿತು. ತಡೆಯುವ ಅಧಿಕಾರ ಕೊಟ್ಟ ಕೈಯೇ, ತಡೆಯದಿದ್ದರೆ ತೆರಬೇಕಾದ ಬೆಲೆಯನ್ನೂ ಬರೆದಿಟ್ಟಿದೆ. ನಮ್ಮ ಇಂದಿನ ಕಾನೂನಿನಲ್ಲಿ ಮೊದಲನೆಯದು ಬೇಕಾದಷ್ಟಿದೆ. ಎರಡನೆಯದು ಕಡಿಮೆ.

ಬೇಕಾದಷ್ಟಿದೆ ಎಂದೆ, ಏನಿದೆ ಎಂದು ಹೇಳಬೇಕು. ಹಳೆಯ ದಂಡ ಸಂಹಿತೆಯಲ್ಲಿ 280ನೇ ಕಲಂ, ಅಡ್ಡಾದಿಡ್ಡಿ ದೋಣಿ ನಡೆಸುವುದರ ಬಗ್ಗೆ. 282ನೇ ಕಲಂ, ಮಿತಿ ಮೀರಿ ತುಂಬಿದ ಅಥವಾ ಭದ್ರವಲ್ಲದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವುದರ ಬಗ್ಗೆ. ಎರಡಕ್ಕೂ ಆರು ತಿಂಗಳವರೆಗೆ ಸಜೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ. 1860ರಲ್ಲಿ ಬರೆದ ಆ ಸಾವಿರ ರೂಪಾಯಿ 2024ರ ಜೂನ್ ತನಕ ಸಾವಿರವೇ ಇತ್ತು. ಆ ವರ್ಷದ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ ಅವು 282 ಮತ್ತು 284ನೇ ಕಲಮುಗಳಾದವು. ದಂಡ ಕ್ರಮವಾಗಿ ಹತ್ತು ಸಾವಿರ, ಐದು ಸಾವಿರಕ್ಕೆ ಏರಿತು. ಜೊತೆಗೆ ಒಳನಾಡು ಹಡಗುಗಳ 2021ರ ಕಾಯ್ದೆ ಇದೆ: ಯಂತ್ರದ ದೋಣಿಗೆ ನೋಂದಣಿ, ತಪಾಸಣೆ, ನಡೆಸುವವನಿಗೆ ಅರ್ಹತಾ ಪತ್ರ. ಯಂತ್ರವಿಲ್ಲದ ದೋಣಿಗಳಿಗೂ ಅದರಲ್ಲಿ ಒಂದು ಅಧ್ಯಾಯವಿದೆ. ಅವುಗಳ ಪಟ್ಟಿ ಇಡುವ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಬಹುದು. ನಮ್ಮ ಭಾಗಕ್ಕೆ ದೋಣಿ ಕಾನೂನು ಹೊಸತೇನಲ್ಲ, ಮುಂಬಯಿ ಇಲಾಖೆಗೆ 1868ರಲ್ಲೇ ಕಡವು ಮತ್ತು ದೋಣಿಗಳ ಕಾಯ್ದೆ ಬಂದಿತ್ತು, ಆಗ ಹಾನಗಲ್ಲ ಆ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು.

ಇವೆಲ್ಲ ದೊಡ್ಡವರ ಅಧಿಕಾರಗಳು. ನನ್ನಂಥ ಸಣ್ಣವನ ಕೈಯಲ್ಲಿದ್ದದ್ದು ಒಂದೇ ಒಂದು, ಆದರೆ ಅದೇ ಎಲ್ಲಕ್ಕಿಂತ ದೊಡ್ಡದು ಎಂದು ಈಗಲೂ ನಂಬುತ್ತೇನೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 149, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 168. ಪೊಲೀಸರು ತಾವೇ ಕ್ರಮ ಕೈಗೊಳ್ಳಬಹುದಾದ ಅಪರಾಧ ನಡೆಯುವ ಮುಂಚೆ ಯಾವ ಪೊಲೀಸನಾದರೂ ನಡುವೆ ಬಂದು ತಡೆಯಬಹುದು. ತನ್ನ ಶಕ್ತಿ ಮೀರಿ ತಡೆಯಲೇಬೇಕು. ‘ಬಹುದು’ ಅನ್ನುವುದರ ಜೊತೆಗೇ ‘ಬೇಕು’ ಕೂಡ ಇದೆ. ಸತ್ತ ಮೇಲೆ ಬರೆಯುವ ಪಂಚನಾಮೆಗಿಂತ ಬದುಕಿರುವಾಗ ಕೈ ಅಡ್ಡ ಹಿಡಿಯುವುದೇ ದೊಡ್ಡ ಕೆಲಸ ಎಂದು ಕಾನೂನೇ ಹೇಳಿದಂತಾಯಿತು.

ಆದರೂ ಒಂದು ಸಂದು ಉಳಿಯುತ್ತದೆ. ಮಿತಿ ಮೀರಿ ತುಂಬಿದ ದೋಣಿಯ ಅಪರಾಧ ಬಾಡಿಗೆಗೆ ಸಾಗಿಸಿದಾಗ ಮಾತ್ರ. ಕೂರ್ಮಗಡದಂಥ ಕಡೆ ಹಣ ಪಡೆದು ಹತ್ತಿಸಿಕೊಂಡವನಿಗೆ ಅದು ಹೊಂದುತ್ತದೆ. ಕೆರೆಯಲ್ಲಿ ಗಣಪತಿ ಬಿಡಲು ಭಕ್ತಿಯಿಂದ ಕಟ್ಟಿದ ತೆಪ್ಪಕ್ಕೆ ಬಾಡಿಗೆ ಎಲ್ಲಿದೆ? ದುಡ್ಡಿಗಾಗಿ ಇಪ್ಪತ್ತು ಜನರನ್ನು ಹತ್ತಿಸುವವನನ್ನು ಕಾನೂನು ನೇರವಾಗಿ ಹೆಸರು ಹಿಡಿದು ಕರೆಯುತ್ತದೆ. ದೇವರಿಗಾಗಿ ಹತ್ತಿಸುವವನನ್ನು ಹಿಡಿಯಲು ಬೇರೆ ಕಲಮುಗಳನ್ನು ಹುಡುಕಿಕೊಂಡು ಹೋಗಬೇಕು. ನೀರು ಇಬ್ಬರಲ್ಲಿ ಭೇದ ಮಾಡುವುದಿಲ್ಲ.

ಅಂಥದೊಂದು ತೆಪ್ಪ ಕಂಡದ್ದು ನಾನು ನೌಕರಿಯಲ್ಲಿದ್ದಾಗ, ಹಾನಗಲ್ಲ ತಾಲ್ಲೂಕಿನ ಒಂದು ಊರಿನಲ್ಲಿ. ಹೆಸರು ಬೇಡ, ಅಲ್ಲಿಯವರು ಈಗಲೂ ಎದುರಾದರೆ ನಿಂತು ಮಾತಾಡಿಸುವವರು. ಆ ವರ್ಷ ಮಳೆ ಚೆನ್ನಾಗಿ ಹಿಡಿದು, ಭಾದ್ರಪದದ ಹೊತ್ತಿಗೆ ಕೆರೆ ಕೋಡಿ ಬಿದ್ದಿತ್ತು. ಮಂಡಳಿಯ ಹುಡುಗರು ಖಾಲಿ ಡ್ರಮ್ಮುಗಳನ್ನು ಹಗ್ಗದಿಂದ ಬಿಗಿದು, ಮೇಲೆ ಬಿದಿರು ಹಾಸಿ, ಅದರ ಮೇಲೆ ಒಂದು ಹಳೆಯ ಬಾಗಿಲು ಇಟ್ಟು ತೆಪ್ಪ ಮಾಡಿದ್ದರು. ಆಳೆತ್ತರದ ಗಣಪತಿಯನ್ನು ಅದರ ಮೇಲೆ ಕೂಡಿಸಿ ಕೆರೆಯ ನಡುವಿಗೆ ಒಯ್ಯಬೇಕು, ಡೊಳ್ಳಿನವರು ಜೊತೆಗಿರಬೇಕು, ಪಟಾಕಿ ಅಲ್ಲೇ ಹೊಡೆಯಬೇಕು ಎಂಬ ಆಸೆ. ಸಂಜೆ ಕತ್ತಲಾಗುತ್ತಿತ್ತು. ನಾನು ಅಡ್ಡ ನಿಂತೆ.

‘ಇದರ ಮ್ಯಾಲೆ ಯಾರ್‍ಯಾರು ಹತ್ತತೀರಿ, ಹೆಸರು ಹೇಳ್ರಿ’ ಎಂದೆ.

‘ಹತ್ತಿದವರೆಲ್ಲಾ ಹತ್ತತೇವ್ರಿ.’

‘ಎಷ್ಟು ಮಂದಿ ಸಾಕು ಅಂತ ಹೇಳಾವ್ರು ಯಾರು?’

ಯಾರೂ ಮಾತಾಡಲಿಲ್ಲ. ಗಣಪತಿ ಕೂಡಿಸುವ ಪರವಾನಗಿ ಅರ್ಜಿಯಲ್ಲಿ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಎಂದು ಎಲ್ಲರ ಹೆಸರೂ ಇತ್ತು. ಠಾಣೆಗೆ, ಪಂಚಾಯತಿಗೆ, ಹೆಸ್ಕಾಂಗೆ ಕಾಗದ ಕೊಟ್ಟಾಗಿತ್ತು. ಮಂಟಪದ ವಿದ್ಯುತ್ ತಂತಿಗೆ ಹೊಣೆಗಾರನಿದ್ದ, ಧ್ವನಿವರ್ಧಕಕ್ಕೆ ಹೊಣೆಗಾರನಿದ್ದ. ಜೀವ ಹೊತ್ತು ನೀರಿಗಿಳಿಯುವ ತೆಪ್ಪಕ್ಕೆ ಮಾತ್ರ ಯಾರ ಹೆಸರೂ ಇರಲಿಲ್ಲ.

ಒಬ್ಬ ಹಿರಿಯರು ಮುಂದೆ ಬಂದರು. ಊರು ತೂಕ ಕೊಡುವ ಮನುಷ್ಯ. ‘ಸಾಹೇಬ್ರ, ಗಣಪ್ಪನ ಕಾಯಾವ ಅವನ, ಮುಳುಗಿಸಾವ ಅವನ. ದೇವರ ಕೆಲಸದಾಗ ನಡುವ ನಿಮ್ಮದೇನ್ರಿ?’

‘ಅಜ್ಜಾರ, ಮುಳುಗಬೇಕಾದಾತ ಗಣಪ್ಪ. ಹುಡುಗ್ರಲ್ಲ’ ಎಂದೆ. ಅವರು ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ಜನ ಸುತ್ತುವರಿದರು. ನನ್ನ ಜೊತೆ ಇದ್ದದ್ದು ಇಬ್ಬರು ಹೋಂಗಾರ್ಡ್. ಆಗ ಗುಂಪಿನ ಹಿಂದಿನಿಂದ ಒಂದು ದನಿ ಬಂತು. ಊರಿನ ಅಂಬಿಗರ ಕೇರಿಯವನು, ಮೀನು ಹಿಡಿಯುವವನು. ಅವನ ಹರಗೋಲು ದಂಡೆಯ ಮೇಲೆ ಬೋರಲು ಬಿದ್ದಿತ್ತು. ‘ನಾ ಒಯ್ತೀನ್ರಿ. ನನ್ನ ಹರಗೋಲಿಗೆ ಗಣಪ್ಪ, ಮ್ಯಾಲೆ ಮೂರು ಮಂದಿ. ಈಜು ಬರಾವ್ರು. ನಾಕನೇದಾವ ಕಾಲಿಟ್ರ ನಾ ಇಳದು ಮನಿಗೆ ಹೋಗ್ತೀನಿ.’

ಅಷ್ಟೇ. ಗದ್ದಲ ನಿಂತಿತು. ಖಾಕಿ ಹೇಳಿದಾಗ ಅಡ್ಡಿಯಾಗಿ ಕಂಡದ್ದು ಅಂಬಿಗ ಹೇಳಿದಾಗ ವಿದ್ಯೆಯಾಗಿ ಕಂಡಿತು. ಹಿರಿಯರೇ ಮುಂದೆ ನಿಂತು ಮೂವರನ್ನು ಆರಿಸಿದರು. ಡೊಳ್ಳನ್ನು ದಂಡೆಯ ಮೇಲೇ ಬಾರಿಸಿದರು. ಗಣಪತಿ ಚೆನ್ನಾಗಿಯೇ ಹೋದ.

ಅಧಿಕಾರ ಎಲ್ಲಿಂದ ಬರುತ್ತದೆ ಎಂದು ನಾನು ಮೇಲಿಂದ ಮೇಲೆ ಯೋಚಿಸಿದ್ದು ಆ ಸಂಜೆಯ ನಂತರವೇ. ನಾನು ಸರ್ಕಾರದ ಹೆಸರಲ್ಲಿ ತಡೆದೆ. ಹಿರಿಯರು ದೇವರ ಹೆಸರಲ್ಲಿ ಬಿಡಿ ಎಂದರು. ಅಂಬಿಗ ಮಾತಾಡಿದ್ದು ತನ್ನ ಹೆಸರಲ್ಲಿ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ನಮ್ಮ ಜಿಲ್ಲೆಯವನು. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ಅವನ ಹೆಸರಿನ ಊರು. ಬಸವಣ್ಣ, ಅಲ್ಲಮ, ಅಕ್ಕ ಎಲ್ಲರೂ ತಮ್ಮ ವಚನಗಳಿಗೆ ತಮ್ಮ ದೇವರ ಹೆಸರನ್ನು ಅಂಕಿತವಾಗಿ ಇಟ್ಟರು. ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಇಟ್ಟ. ಕೆಲವರು ಇದನ್ನು ಗರ್ವ ಎನ್ನುತ್ತಾರೆ, ಕೆಲವರು ನಿಷ್ಠುರತೆ ಎನ್ನುತ್ತಾರೆ. ದಂಡೆಯ ಮೇಲೆ ನಿಂತು ಬದುಕು ಕಳೆದ ನನಗೆ ಅದು ಅಂಬಿಗನ ಕಸುಬಿನಿಂದ ಬಂದ ಧರ್ಮ ಎನ್ನಿಸುತ್ತದೆ. ದೋಣಿ ನಡೆಸುವವನು ‘ದೇವರು ದಾಟಿಸಿದ’ ಎಂದರೆ ಚೆಂದ. ದಾಟಿಸಲಾಗದ ದಿನ ‘ದೇವರು ಮುಳುಗಿಸಿದ’ ಎನ್ನುವಂತಿಲ್ಲ. ಆದ್ದರಿಂದ ಮಾತಿನ ಕೊನೆಗೆ ತನ್ನ ಹೆಸರೇ ಬರಬೇಕು. ವಿದ್ವಾಂಸರು ಇದನ್ನು ಒಪ್ಪದಿರಬಹುದು. ನನಗೆ ತಿಳಿದ ಅರ್ಥ ಇದು.

ಧರ್ಮದ ವಿಷಯದಲ್ಲಿ ಪೊಲೀಸರು ಕೈ ಹಾಕಬಾರದು ಎನ್ನುವವರು ನನ್ನ ಗೆಳೆಯರಲ್ಲೂ ಇದ್ದಾರೆ. ಅವರಿಗೆ ನಾನು ಕೇಳುವುದು ಇಷ್ಟೇ: ನಮ್ಮ ದೇವಸ್ಥಾನಗಳಲ್ಲಿ ತಡೆ ಎಂಬುದು ಎಲ್ಲಿಲ್ಲ? ಗರ್ಭಗುಡಿಯ ಹೊಸ್ತಿಲು ದಾಟಬೇಡ ಎಂದರೆ ದಾಟುವುದಿಲ್ಲ. ಮಡಿಯಿಲ್ಲದೆ ಮುಟ್ಟಬೇಡ ಎಂದರೆ ಮುಟ್ಟುವುದಿಲ್ಲ. ಚಪ್ಪಲಿ ಹೊರಗೆ ಬಿಡು, ಅಂಗಿ ತೆಗೆ, ಸಾಲಿನಲ್ಲಿ ನಿಲ್ಲು: ಎಲ್ಲವನ್ನೂ ತಲೆಬಾಗಿ ಕೇಳುತ್ತೇವೆ. ಇಲ್ಲಿ ದೇವರಿಗೂ ಭಕ್ತನಿಗೂ ನಡುವೆ ಬಂದಿರಿ ಎಂದು ಯಾರೂ ಪೂಜಾರಿಯ ಮೇಲೆ ಏರಿ ಹೋಗುವುದಿಲ್ಲ. ದೇವರ ಮಡಿ ಕಾಯುವ ಗೆರೆ ಶಾಸ್ತ್ರವಾದರೆ, ಭಕ್ತನ ಉಸಿರು ಕಾಯುವ ಗೆರೆ ಅಪಚಾರ ಹೇಗಾದೀತು? ಕೇರಳದ ಆರನ್ಮುಳದಲ್ಲಿ ಪಾರ್ಥಸಾರಥಿಯ ಪಳ್ಳಿಯೋಡಂ ದೋಣಿಗಳನ್ನು ದೇವರಂತೆಯೇ ಕಾಣುತ್ತಾರೆ, ಚಪ್ಪಲಿ ಕಾಲಲ್ಲಿ ಹತ್ತುವಂತಿಲ್ಲ, ವ್ರತ ಹಿಡಿದವರೇ ಹುಟ್ಟು ಹಾಕುತ್ತಾರೆ. ದೋಣಿ ಪವಿತ್ರ ಎಂದು ನಂಬಿದವರಿಗೆ ಅದನ್ನು ಯಾರು ಹತ್ತಬೇಕೆಂಬ ಕಟ್ಟುಪಾಡು ಭಕ್ತಿಯ ಭಾಗವೇ ಆಗಿದೆ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಹರಕೆ ಹೊತ್ತವನು ಕಷ್ಟಕ್ಕೆ ಮೈಯೊಡ್ಡಿಯೇ ಹೊತ್ತಿರುತ್ತಾನೆ. ದೀಡ ನಮಸ್ಕಾರ ಹಾಕುತ್ತಾ ಬರುವವಳ ಮೊಣಕಾಲು ಸುಲಿಯುತ್ತದೆ, ಕೆಂಡ ಹಾಯುವವನ ಅಂಗಾಲು ಸುಡುತ್ತದೆ. ಅದು ಅವರ ದೇಹ, ಅವರ ದೇವರು. ನಡುವೆ ಕಾನೂನು ಏಕೆ? ಈ ವಾದಕ್ಕೆ ನಾನು ಮಣೆ ಹಾಕುತ್ತೇನೆ. ನೆಲದ ಮೇಲೆ ಅದಕ್ಕೆ ಬಹಳ ಬೆಲೆಯಿದೆ. ದೋಣಿಯಲ್ಲಿ ಇಲ್ಲ. ದೋಣಿಯಲ್ಲಿ ಯಾರ ದೇಹವೂ ಬರೀ ಅವರದಲ್ಲ. ಒಬ್ಬ ಕೈಮುಗಿಯಲು ಎದ್ದು ನಿಂತರೆ ಎಲ್ಲರ ತೂಕದ ನಡುಬಿಂದು ಮೇಲಕ್ಕೇರುತ್ತದೆ. ನಾಲ್ವರು ದೇವರ ಮುಖ ಕಾಣಲು ಒಂದು ಮಗ್ಗುಲಿಗೆ ಸರಿದರೆ ಆ ಮಗ್ಗುಲಿನ ಅಂಚು ನೀರಿಗೆ ತಾಗುತ್ತದೆ. ಒಳಬಂದ ನೀರು ಅದೇ ಕಡೆ ಹರಿದು ಇನ್ನಷ್ಟು ವಾಲಿಸುತ್ತದೆ. 2019ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಭೋಪಾಲದ ಖಟ್ಲಾಪುರ ಘಾಟಿನಲ್ಲಿ ಆದದ್ದು ಹೀಗೇ. ಎರಡು ದೋಣಿಗಳನ್ನು ಜೋಡಿಸಿ ದೊಡ್ಡ ಗಣಪತಿಯನ್ನು ಹೇರಿದ್ದರು; ಮೂರ್ತಿಯ ಭಾರಕ್ಕೆ ದೋಣಿ ವಾಲಿ 11 ಹುಡುಗರು ಹೋದರು. ಕೂರ್ಮಗಡದ ದುರಂತಕ್ಕೆ ಎಂಟು ತಿಂಗಳೂ ಆಗಿರಲಿಲ್ಲ.

ಹರಕೆ ಹೊತ್ತವನು ದೊಡ್ಡವನು, ತಿಳಿದು ಹೊತ್ತಿದ್ದಾನೆ. ಅವನ ಕಂಕುಳಲ್ಲಿರುವ ಮಗು ಯಾವ ಹರಕೆಯನ್ನೂ ಹೊತ್ತಿಲ್ಲ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ವಿಹಾರಕ್ಕೆ ಹೋದ 12 ಶಾಲಾಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಅಲ್ಲಿ ದೇವರೂ ಇರಲಿಲ್ಲ, ಜಾತ್ರೆಯೂ ಇರಲಿಲ್ಲ; ತುಂಬಿದ ದೋಣಿ ಮಾತ್ರ ಇತ್ತು. ಕಾರಣ ಎರಡೂ ಕಡೆ ಒಂದೇ ಆದಾಗ ಒಂದು ಕಡೆ ಮಾತ್ರ ದೈವವನ್ನು ಹೊಣೆ ಮಾಡುವುದು ದೈವಕ್ಕೇ ಅವಮಾನ ಎಂದು ನನ್ನ ನಂಬಿಕೆ.

ಸಂವಿಧಾನ ಬರೆದವರು ಇದನ್ನು ನಮಗಿಂತ ಚೆನ್ನಾಗಿ ಕಂಡಿದ್ದರು. 25ನೇ ವಿಧಿ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಆ ವಾಕ್ಯ ಸ್ವಾತಂತ್ರ್ಯದಿಂದ ಶುರುವಾಗುವುದಿಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವಕ್ಕೆ ಒಳಪಟ್ಟು ಎಂದು ಮೊದಲು ಹೇಳಿ ಆಮೇಲೆ ಹಕ್ಕಿನ ಮಾತು. ಇದನ್ನು ದೇವರ ಮೇಲೆ ಸರ್ಕಾರವನ್ನು ಕೂಡಿಸಿದ್ದು ಎಂದು ಓದುವವರಿದ್ದಾರೆ. ಪೂಜಿಸುವವನು ಬದುಕಿದ್ದರೆ ತಾನೆ ಪೂಜೆ ಎಂದು ನಾನು ಓದಿಕೊಂಡಿದ್ದೇನೆ.

ಹಾಗೆಂದು ಎಲ್ಲ ತಡೆಯೂ ಒಳ್ಳೆಯದಲ್ಲ. ನಮ್ಮ ಆಡಳಿತಕ್ಕೆ ಅತ್ಯಂತ ಸುಲಭದ ದಾರಿ ಎಂದರೆ ಪೂರ್ತಿ ನಿಷೇಧ. ಹಳೆಯ 144, ಈಗಿನ 163ನೇ ಕಲಮಿನಡಿ ಒಂದು ಆದೇಶ ಹೊರಡಿಸಿ, ಕೆರೆಯ ಏರಿಗೆ ಒಂದು ಬ್ಯಾನರ್ ಕಟ್ಟಿ, ಕಡತ ಮುಚ್ಚುವುದು. ಹೀಗೆ ಮುಚ್ಚಿದ ಕೆರೆಯಿಂದ ಜನ ಎಲ್ಲಿಗೆ ಹೋಗುತ್ತಾರೆಂಬುದನ್ನು ಕಂಡಿದ್ದೇನೆ. ದೀಪವಿಲ್ಲದ, ಆಳ ತಿಳಿಯದ ಇನ್ನೊಂದು ಕೆರೆಗೆ, ಇಲ್ಲವೇ ಕಲ್ಲಿನ ಕ್ವಾರಿಗೆ, ರಾತ್ರಿ, ಯಾರಿಗೂ ಹೇಳದೆ. ಹಿರೇಕೆರೂರಿನ ದುರ್ಗಾದೇವಿ ಕೆರೆಯಾಗಲಿ, ಹಾನಗಲ್ಲಿನ ಆನಿಕೆರೆಯಾಗಲಿ, ಸವಣೂರಿನ ಮೋತಿ ತಲಾಬ್ ಆಗಲಿ, ಇವು ಊರಿನ ಕಣ್ಣೆದುರಿನ ನೀರು. ದೀಪವಿದೆ, ಜನವಿದೆ, ಈಜುಬಲ್ಲವರು ಹತ್ತಿರದಲ್ಲಿದ್ದಾರೆ. ಮದಗ ಮಾಸೂರಿನಂಥ ಗುಡ್ಡಗಳ ನಡುವಿನ ಕೆರೆಯಲ್ಲಿ ಕೂಗಿದರೆ ಓಗೊಡುವವರು ಯಾರು? ನಿಷೇಧಿಸಿದ ಅಧಿಕಾರಿ ಅಪಾಯವನ್ನು ತೆಗೆದುಹಾಕಿರುವುದಿಲ್ಲ, ತನ್ನ ಕಣ್ಣಿಂದ ದೂರ ತಳ್ಳಿರುತ್ತಾನೆ. ಅದೂ ಒಂದು ಬಗೆಯಲ್ಲಿ ‘ಆಯುಷ್ಯ ಅಷ್ಟ ಇತ್ತು’ ಎಂದ ಹಾಗೆಯೇ. ಹೊಣೆ ತನ್ನ ಮೇಜಿನಿಂದ ಇಳಿದರಾಯಿತು.

ನನಗೆ ಬೇಕಾದ ಅಧಿಕಾರ ಸಣ್ಣದು. ದಂಡೆಯಲ್ಲೇ ನಿಂತು ಉಪಯೋಗಿಸುವಂಥದ್ದು. ಎಷ್ಟು ಜನ ಎಂದು ಎಣಿಸುವುದು, ಜಾಕೆಟ್ ತೊಡದವನನ್ನು ಇಳಿಸುವುದು, ಗಾಳಿ ಎದ್ದರೆ ಅಥವಾ ಕತ್ತಲಾದರೆ ಹೊರಡದಂತೆ ಹಗ್ಗ ಹಿಡಿಯುವುದು. ಅಮೆರಿಕದಲ್ಲಿ ದೋಣಿ ಪಂದ್ಯ, ದೋಣಿ ಮೆರವಣಿಗೆ ಮಾಡುವ ಸಂಘಟಕರು ಕರಾವಳಿ ಕಾವಲು ಪಡೆಗೆ ಅರ್ಜಿ ಹಾಕಬೇಕು. ಹೊಸ ಕಾರ್ಯಕ್ರಮವಾದರೆ 135 ದಿನ ಮುಂಚೆ. ಆ ದಿನ ನೀರಿನ ಮೇಲೆ ಗಸ್ತಿನ ಒಬ್ಬ ಮುಖ್ಯಸ್ಥನನ್ನು ನೇಮಿಸುತ್ತಾರೆ. ನಿಲ್ಲು ಎಂದರೆ ನಿಲ್ಲಬೇಕು, ತಿರುಗು ಎಂದರೆ ತಿರುಗಬೇಕು. 135 ದಿನದ ಅರ್ಜಿ ನಮ್ಮ ಊರ ಗಣಪತಿಗೆ ಹೊಂದುವ ಮಾತಲ್ಲ, ನಮ್ಮಲ್ಲಿ ಮೂರ್ತಿ ಎಷ್ಟೆತ್ತರ ಎಂಬುದೇ ಶ್ರಾವಣ ಮುಗಿಯುವ ತನಕ ತೀರ್ಮಾನವಾಗಿರುವುದಿಲ್ಲ. ಆದರೆ ಆ ದಿನ, ಆ ನೀರಿಗೆ, ಒಬ್ಬ ಮನುಷ್ಯನ ಮಾತು ಕೊನೆಯ ಮಾತು ಎಂಬ ನಿಯಮ ಎಲ್ಲಿಗಾದರೂ ಹೊಂದುತ್ತದೆ. ಆ ಮನುಷ್ಯ ಖಾಕಿಯವನೇ ಆಗಬೇಕೆಂದಿಲ್ಲ. ನನಗೆ ಕೇಳಿದರೆ ಊರಿನ ಅಂಬಿಗನೇ ಆಗಬೇಕು, ಅವನ ಬೆನ್ನಿಗೆ ಖಾಕಿ ಇರಬೇಕು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ತ ಮೇಲೆ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೊಂದು ಕಾಯ್ದೆಯ ಕರಡು ಸಿದ್ಧಪಡಿಸಿತು. ಅದರ ಸುದ್ದಿ ಪತ್ರಿಕೆಯಲ್ಲಿ ಓದುವಾಗ ಒಂದು ಕಡೆ ಕಣ್ಣು ನಿಂತಿತು. ಜಾತ್ರೆ, ರಥೋತ್ಸವ, ಪಲ್ಲಕ್ಕಿ ಉತ್ಸವ, ತೆಪ್ಪದ ತೇರು, ಉರುಸು, ಹೀಗೆ ಯಾವುದೇ ಧರ್ಮದ ಆಚರಣೆಗೆ ಈ ಕಾಯ್ದೆಯಿಂದ ವಿನಾಯಿತಿ. ಸರ್ಕಾರದ ಆತಂಕ ನನಗೆ ಅರ್ಥವಾಗುತ್ತದೆ. ನೂರಾರು ವರ್ಷಗಳಿಂದ ನಡೆದು ಬಂದ ಜಾತ್ರೆಗೆ ಕ್ರಿಕೆಟ್ ಕಂಪನಿಗೆ ಹಾಕುವ ಷರತ್ತು ಹಾಕಲಾಗದು. ಶಿಶುನಾಳದ ಶರೀಫಜ್ಜನ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಬರುವವರ ಮುಂದೆ ಯಾವ ಸಂಘಟಕ ಬಾಂಡ್ ಬರೆದುಕೊಡಬೇಕು? ರಥ, ಪಲ್ಲಕ್ಕಿ, ಉರುಸುಗಳ ಬಗ್ಗೆ ನನ್ನ ತಕರಾರಿಲ್ಲ. ತೆಪ್ಪದ ತೇರು ಅದೇ ಸಾಲಿನಲ್ಲಿ ಕುಳಿತದ್ದಕ್ಕೆ ತಕರಾರಿದೆ. ರಥದ ಹಾದಿಯಲ್ಲಿ ತಳ್ಳಾಟವಾದರೆ ಪಕ್ಕಕ್ಕೆ ಓಡಲು ಒಂದು ಸಂದಿ ಸಿಕ್ಕೀತು; ನೀರಿನ ಮೇಲೆ ಪಕ್ಕ ಎಂಬುದೇ ಇಲ್ಲ.

ಈ ಬಗ್ಗೆ ನಮ್ಮ ಶಾಸಕರಿಗೆ ಪತ್ರ ಬರೆದಿದ್ದೇನೆ. ಜಾತ್ರೆಗಳಿಗೆ ಕೊಟ್ಟ ವಿನಾಯಿತಿ ಇರಲಿ, ಆದರೆ ನೀರಿಗಿಳಿಯುವ ತೆಪ್ಪ, ದೋಣಿ, ಹರಗೋಲುಗಳಿಗೆ ಅದು ಸಲ್ಲಬಾರದು ಎಂದು ಒಂದು ಸಾಲು ಸೇರಿಸಿ ಎಂದು ಕೇಳಿದ್ದೇನೆ. ಜೈಲು, ದಂಡ ಹೆಚ್ಚಿಸಿ ಎಂದು ಕೇಳಿಲ್ಲ. ತೆಪ್ಪ ಹೊರಡುವ ದಂಡೆಯಲ್ಲಿ ಒಂದು ಫಲಕ ಇರಲಿ. ಅದರಲ್ಲಿ ಎಷ್ಟು ಜನ ಹತ್ತಬಹುದು ಎಂಬ ಅಂಕಿ, ನಡೆಸುವವನ ಹೆಸರು, ಅಂದು ಅಲ್ಲಿ ನಿಂತು ಹೂಂ ಎಂದ ಅಧಿಕಾರಿಯ ಹೆಸರು, ಮೂರೂ ಕಾಣುವಂತಿರಲಿ. ಜಾಕೆಟ್ಟುಗಳನ್ನು ದೇವಸ್ಥಾನದ ಹುಂಡಿಯ ಹಣದಲ್ಲೇ ಕೊಂಡು, ಛತ್ರಿ ಚಾಮರ ಇಡುವ ಉಗ್ರಾಣದಲ್ಲೇ ಇಡಲಿ ಎಂದೂ ಬರೆದೆ. ಅಲ್ಲಿಟ್ಟರೆ ಅದೂ ಪೂಜೆಯ ಸಾಮಾನು ಎಂಬ ಭಾವನೆ ಬಂದೀತು ಎಂಬ ಆಸೆ ನನ್ನದು. ಮೈಮೇಲೆ ಶಲ್ಯ ಮಾತ್ರ ಹೊದೆಯುವ ಪೂಜಾರಿಯೂ ಅದನ್ನು ತೊಡಬೇಕೇ ಎಂದು ನಮ್ಮ ಓಣಿಯ ಅಯ್ಯನವರು ಕೇಳಿದರು. ತೊಡಬೇಕು ಎಂದೆ. ಅವರಿಗೆ ಇನ್ನೂ ಸರಿಬಂದಿಲ್ಲ; ನಮ್ಮಿಬ್ಬರ ಚರ್ಚೆ ನಡೆದಿದೆ.

ಗಣೇಶ ಚೌತಿಗೆ ಮುಂಚೆ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಧ್ವನಿವರ್ಧಕದ ಹೊತ್ತು, ಮೆರವಣಿಗೆಯ ದಾರಿ, ಬಣ್ಣ, ಡಿಜೆ ಇವೇ ಅಲ್ಲಿಯ ಮಾತು. ಈ ಸಲ ನಾನೂ ಹೋಗುತ್ತೇನೆ, ಊರಿನ ಒಬ್ಬ ಹಿರಿಯನಾಗಿ. ತಾಲ್ಲೂಕಿನಲ್ಲಿ ಎಷ್ಟು ಕೆರೆಗೆ ತೆಪ್ಪ ಇಳಿಯುತ್ತದೆ, ಒಂದೊಂದಕ್ಕೂ ಯಾರ ಹೆಸರು ಬರೆದುಕೊಂಡಿದ್ದೀರಿ ಎಂದು ಕೇಳಬೇಕಾಗಿದೆ.